ಸೇವಾರ್ಥಿಯೂ ಪೂರ್ವಾಶ್ರಯವೂ



ಕಳೆದ ಶ್ರಾವಣಮಾಸದಲ್ಲಿ ನಮ್ಮ ಮಠದ ಶಿವಾನುಭವ ಗೋಷ್ಠಿಯಲ್ಲಿ ಭೃತ್ಯಾಚಾರವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಪೂಜ್ಯರಿಂದ ನನಗೆ ಅಪ್ಪಣೆಯಾಗಿದ್ದಿತು. ಪಂಚಾಚಾರಗಳಲ್ಲಿ ಲಿಂಗಾಚಾರ ಸದಾಚಾರಗಳನ್ನು ವಿವರಿಸುವವರು ಬಹುಮಂದಿ. ಭೃತ್ಯಾಚಾರವೆಂದೊಡನೆ ಸೇವೆ ಮಾಡಿರೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ನಾನೂ ಅಂದು ಹಾಗೆಯೇ ಮುಗಿಸಿದೆನು. ಶಿವಶರಣರೇ ಹಿರಿಯರು, ತಾನು ಅವರ ಭೃತ್ಯನು ಎಂಬ ಕಿಂಕರಭಾವವೇ ಭೃತ್ಯಾಚಾರವೆಂದು ಲಕ್ಷಣ ಹೇಳಿ, ದಾಸೋಹಕ್ಕೆ ಕೈಗೂಡಿಸಿರೆಂದು ಬಿನ್ನವಿಸಿ, ಮಂಗಲ ಮಾಡಿದೆನು. ಆ ಬಳಿಕ ನಡೆದುದನ್ನು ಹೇಳದಿದ್ದರೆ ಅಂದಿನ ಪ್ರವಚನವು ಅರ್ಧಕ್ಕೇ ನಿಂತಂತಾಗುವುದು. ಇಲ್ಲಿ ಹೇಳುವುದಕ್ಕೆ ಸಂಬಂಧಪಟ್ಟವರ ಸಮ್ಮತಿಯನ್ನು ಪಡೆದಿದ್ದೇನೆ. ಹೆಸರನ್ನೂ ಊರನ್ನೂ ಮಾತ್ರ ಬಿಟ್ಟಿದ್ದೇನೆ.

ಜನರೆಲ್ಲ ಪ್ರಸಾದಕ್ಕೆ ಎದ್ದುಹೋದ ಮೇಲೆ ಸುಮಾರು ನಾಲ್ವತ್ತೈದು ವಯಸ್ಸಿನ ಗೃಹಸ್ಥನೊಬ್ಬನು ನನ್ನ ಬಳಿಗೆ ಬಂದು ಕುಳಿತನು. ಸವದತ್ತಿ ತಾಲೂಕಿನವನು, ಹಿಟ್ಟಿನ ಗಿರಣಿಯನ್ನು ನಡೆಯಿಸುವವನು, ಹುಣ್ಣಿಮೆ ಅಮಾವಾಸ್ಯೆಗಳಿಗೆ ಮಠಕ್ಕೆ ತಪ್ಪದೆ ಬರುವವನು. ಅವನ ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿದ್ದಿತು. ನಮ್ಮ ಪ್ರಸಾದನಿಲಯದಲ್ಲಿ ಹುಡುಗರಿಗೆ ಊಟ ಬಡಿಸಲು, ಸಂಜೆಯ ಓದನ್ನು ನೋಡಿಕೊಳ್ಳಲು, ಸರದಿಯಂತೆ ರಾತ್ರಿ ಅಲ್ಲಿಯೇ ಮಲಗಲು ಸ್ವಯಂಸೇವಕರು ಬೇಕೆಂದು ಹಂಚಿದ್ದ ಅರ್ಜಿಯ ನಮೂನೆಯದು. ಮಕ್ಕಳಿರುವ ಸಂಸ್ಥೆಗಳು ಮಕ್ಕಳೊಡನೆ ವ್ಯವಹರಿಸುವ ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮುಖಾಂತರ ಪರಿಶೀಲಿಸತಕ್ಕದ್ದೆಂದು ಪೋಕ್ಸೊ ಕಾಯಿದೆಯ ೨೦೨೦ರ ನಿಯಮಗಳಲ್ಲಿ ವಿಧಿಸಿದೆ. ನಮ್ಮ ಸಮಿತಿಯವರು ಅದನ್ನೇ ಅನುಸರಿಸಿ, ಸಂಬಳವಿಲ್ಲದೆ ದುಡಿಯುವವರಿಗೂ ಒಂದು ಪ್ರಶ್ನೆಯನ್ನು ಸೇರಿಸಿದ್ದರು: ಹಿಂದೆ ಎಂದಾದರೂ ಅಪರಾಧ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ? ಆಗಿದ್ದರೆ ವಿವರ ಬರೆಯಿರಿ.

'ಗುರುಗಳ, ಎಲ್ಲಾ ತುಂಬೀನ್ರಿ. ಇದೊಂದು ಹಂಗ ಉಳದೈತ್ರಿ,' ಎಂದನು.

೨೦೦೩ರ ದೀಪಾವಳಿಯ ಅಮಾವಾಸ್ಯೆಯಂದು ಊರ ಹೊರಗಿನ ಬಯಲಿನಲ್ಲಿ ಐದಾರು ಜನ ಕೂಡಿ ಅಂದರ್-ಬಾಹರ್ ಆಡುತ್ತಿದ್ದಾಗ ಪೊಲೀಸರು ಬಂದು ಹಿಡಿದಿದ್ದರು. ಕರ್ನಾಟಕ ಪೊಲೀಸ್ ಕಾಯಿದೆಯ ಮೇರೆಗೆ ಪ್ರಕರಣ ದಾಖಲಾಯಿತು. ತಾಲೂಕಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಬಂದನು. ಅಂದಿನಿಂದ ಇಂದಿನವರೆಗೆ ಇಸ್ಪೀಟಿನ ಎಲೆಯನ್ನು ಮುಟ್ಟಿಲ್ಲ. ಆ ಮೇಲೆ ಮಠಕ್ಕೆ ಬಂದು ದೀಕ್ಷೆ ಪಡೆದನು, ರಾಮದುರ್ಗದ ಕಡೆಯ ಆಚಾರವಂತರ ಮನೆಯ ಹೆಣ್ಣನ್ನು ಲಗ್ನವಾದನು, ಎರಡು ಮಕ್ಕಳಾದವು. ಈ ಸಂಗತಿಯು ಹೆಂಡತಿಗೂ ತಿಳಿಯದು, ಮಾವನವರಿಗಂತೂ ತಿಳಿಯಲೇಬಾರದು.

ನಾನು ಏನು ಹೇಳಿದೆನೆಂಬುದನ್ನು ಮರೆಮಾಚಿದರೆ ಈ ಲೇಖನವನ್ನು ಬರೆಯುವ ಯೋಗ್ಯತೆ ನನಗಿರದು. ನಾನು ನಕ್ಕು, 'ಅಯ್ಯ, ಅದು ಯಾವ ಕಾಲದ ಮಾತೋ! ಇಲ್ಲ ಅಂತ ಬರಿ. ದೀಕ್ಷೆ ಆದವಗ ಪೂರ್ವಾಶ್ರಯ ಎಲ್ಲೀದು?' ಎಂದುಬಿಟ್ಟೆನು. ಅವನು 'ಹಂಗಂತೀರೇನ್ರಿ' ಎಂದು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಕಾಗದವನ್ನು ಮತ್ತೆ ಮಡಿಸಿಕೊಂಡು ಹೋದನು. ಹಸಿದವನಿಗೆ ಎಲೆ ಹಾಕಿ ಅನ್ನ ಬಡಿಸದೆ ಎಬ್ಬಿಸಿದಂತೆ ಇದ್ದಿತು ಅವನು ಎದ್ದುಹೋದ ರೀತಿ.

ಅಂದು ರಾತ್ರಿ ಮರುದಿನದ ಪಾಠಕ್ಕಾಗಿ ಪುಸ್ತಕವನ್ನು ತೆರೆದೆನು. ದೈವಸಂಕಲ್ಪವೋ ಏನೋ, ಪಾಠವು ಉರಿಲಿಂಗಪೆದ್ದಿಗಳದಾಗಿದ್ದಿತು.

ಪೆದ್ದಿಗಳ ಐತಿಹ್ಯವನ್ನು ಈ ಪತ್ರಿಕೆಯ ಓದುಗರು ಬಲ್ಲರು. ಕಳವು ಅವರ ಮೊದಲ ವೃತ್ತಿ. ಒಂದು ರಾತ್ರಿ ಶ್ರೀಮಂತನೊಬ್ಬನ ಮನೆಗೆ ಕಳ್ಳತನಕ್ಕೆಂದು ಹೋಗಿ ಮರೆಯಲ್ಲಿ ನಿಂತಿರುವಾಗ, ಅಲ್ಲಿ ಉರಿಲಿಂಗದೇವರು ಭಕ್ತನೊಬ್ಬನಿಗೆ ಲಿಂಗದೀಕ್ಷೆಯನ್ನು ಕೊಡುತ್ತಿದ್ದುದನ್ನು ಕಂಡರು. ಕೈ ಕಳವಿಗೆ ಏಳಲಿಲ್ಲ. ಆ ಬಳಿಕ ಆ ಗುರುವಿನ ಮಠಕ್ಕೆ ದಿನವೂ ಒಂದು ಹೊರೆ ಕಟ್ಟಿಗೆಯನ್ನು ತಂದು ಹಾಕತೊಡಗಿದರು. ಕೂಲಿಯನ್ನು ಕೇಳಲಿಲ್ಲ. ಒಂದು ದಿನ ತನಗೂ ದೀಕ್ಷೆ ಬೇಕೆಂದು ಕಾಡಿದಾಗ ಗುರುವು ಬೇಸತ್ತು ಒಂದು ಕಲ್ಲನ್ನೆತ್ತಿ ಎಸೆದನೆಂದೂ, ಪೆದ್ದಿಗಳು ಆ ಕಲ್ಲನ್ನೇ ಇಷ್ಟಲಿಂಗವೆಂದು ಸ್ವೀಕರಿಸಿ ಪೂಜಿಸಿದರೆಂದೂ, ಆ ನಿಷ್ಠೆಗೆ ಬೆರಗಾದ ಗುರುವು ಅವರನ್ನೇ ತನ್ನ ತರುವಾಯ ಮಠದ ಸ್ಥಾನದಲ್ಲಿ ಕೂರಿಸಿದನೆಂದೂ ಹೇಳುವರು. ಅಸ್ಪೃಶ್ಯವೆಂದು ಹೊರಗಿಟ್ಟ ಕುಲದಲ್ಲಿ ಹುಟ್ಟಿ ಕಳವನ್ನು ಕಸುಬಾಗಿ ಮಾಡಿದ್ದವರು ಮುನ್ನೂರಕ್ಕೂ ಮಿಕ್ಕ ವಚನಗಳನ್ನು ರಚಿಸಿದ್ದಾರೆ. ಅವುಗಳಲ್ಲಿ ವೇದಾಗಮಗಳ ಸಂಸ್ಕೃತೋಕ್ತಿಗಳು ಹೇಗೆ ತುಂಬಿಕೊಂಡಿವೆಯೆಂದರೆ, ಮೂವತ್ತು ವರುಷ ಸಂಸ್ಕೃತ ಕಲಿಸಿದ ನನ್ನಂಥವನು ಅವರ ಮುಂದೆ ಕೈಕಟ್ಟಿ ನಿಲ್ಲಬೇಕು.

ಇಷ್ಟು ನನಗೆ ಮೊದಲೇ ತಿಳಿದಿದ್ದ ಕಥೆ. ಅಂದು ರಾತ್ರಿ ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ ಬೇರೆ: ಪೆದ್ದಿಗಳು ಕಳ್ಳರಾಗಿದ್ದರೆಂಬುದು ನಮಗೆ ಹೇಗೆ ತಿಳಿಯಿತು? ಅವರು ಪೀಠದ ಮೇಲೆ ಕುಳಿತ ಮೇಲೆ ಆ ವೃತ್ತಾಂತವನ್ನು ಅಳಿಸಿಹಾಕಲು ಶಿಷ್ಯರಿಗೆ ಎಷ್ಟು ಹೊತ್ತು ಬೇಕಾಗಿದ್ದಿತು? ಅಳಿಸಲಿಲ್ಲ. ಕಳವು, ಕಟ್ಟಿಗೆ, ಕಲ್ಲು ಮೂರನ್ನೂ ಸೇರಿಸಿಯೇ ಗುರುಚರಿತ್ರೆಯೆಂದು ಹೇಳಿಕೊಂಡು ಬಂದರು.

ಹಾಗೆ ನೋಡಹೊರಟರೆ ಶರಣರ ನಾಮಾವಳಿಯೇ ಬೇರೆಯಾಗಿ ಕಾಣುವುದು. ಕನ್ನದ ಮಾರಿತಂದೆ ಎಂಬ ಶರಣರಿದ್ದಾರೆ. ಕನ್ನವೆಂದರೆ ಗೋಡೆ ಕೊರೆದು ಕದಿಯುವುದು. ಆ ವಚನಕಾರರು ಆ ವೃತ್ತಿಯನ್ನು ತಮ್ಮ ಹೆಸರಿನ ಮುಂದೆಯೇ ಇರಿಸಿಕೊಂಡರು. ದೊರೆತಿರುವ ಕೆಲವೇ ವಚನಗಳಲ್ಲಿ ಆ ಕನ್ನದ ಪರಿಭಾಷೆಯಿಂದಲೇ ಅನುಭಾವವನ್ನು ಹೇಳಿದರು. ಹೆಂಡದ ಮಾರಯ್ಯಗಳೆಂದೇ ಒಬ್ಬರ ಖ್ಯಾತಿ. ಸೂಳೆ ಸಂಕವ್ವೆಯ ವಚನವಾಗಿ ಉಳಿದುದು ಒಂದೇ ಒಂದು. ಆಕೆಯ ಅಂಕಿತವು ನಿರ್ಲಜ್ಜೇಶ್ವರ. ನಾಚಿಕೆಯನ್ನು ಮೀರಿದವನೆಂದು ದೇವರಿಗೇ ಹೆಸರಿಟ್ಟ ಈ ತಾಯಿಯು, ಊರವರು ಬೆನ್ನ ಹಿಂದೆ ಆಡಬಹುದಾಗಿದ್ದ ಮಾತನ್ನು ತಾನೇ ಎದುರಿಗಿಟ್ಟು, ಅವರ ಪಿಸುಮಾತಿಗೆ ಎಡೆಯೇ ಇಲ್ಲದಂತೆ ಮಾಡಿದಳು. ಮಡಿವಾಳ, ಅಂಬಿಗ, ಡೋಹರ ಎಂಬ ಹೆಸರುಗಳು ಕಾಯಕದ ಗೌರವಕ್ಕಾಗಿ ಉಳಿದವೆಂದು ನಾವು ಹೇಳುತ್ತೇವೆ, ಅದು ಸರಿ. ಆದರೆ ಕನ್ನವು ಗೌರವದ ಕಾಯಕವಲ್ಲವಷ್ಟೆ! ಅದೇಕೆ ಉಳಿಯಿತೆಂಬುದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ.

ಇಂತಿರಲು, ನಾನು ಗಿರಣಿಯವನಿಗೆ ಹೇಳಿದ ಪೂರ್ವಾಶ್ರಯದ ವಾದವು ಎಷ್ಟು ದೂರ ನಿಲ್ಲುವುದೆಂಬುದನ್ನು ವಿಚಾರಿಸಬೇಕಾಯಿತು. ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯುವುದೆಂಬುದು ನಮ್ಮ ಸಿದ್ಧಾಂತ, ಅದರಲ್ಲಿ ಸಂದೇಹವಿಲ್ಲ. ಗುರುವು ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯಗಳನ್ನು ಕಳೆದು ಭವಿಯನ್ನು ಭಕ್ತನನ್ನಾಗಿ ಮಾಡುವನು. ಲಿಂಗವಂತನ ಪೂರ್ವವನ್ನು ಕೆದಕುವುದು ಮಹಾದೋಷವೆಂದು ಹಿರಿಯರು ಎಚ್ಚರಿಸಿದ್ದಾರೆ. ಆದರೆ ಈ ನಿಷೇಧವು ಯಾರಿಗೆ? ನೋಡುವವರಿಗೆ. ಭಕ್ತನನ್ನು ಕಂಡು 'ನೀನು ಮೊದಲು ಏನಾಗಿದ್ದೆ' ಎಂದು ಚುಚ್ಚುವವರ ಬಾಯಿಗೆ ಹಾಕಿದ ಬೀಗವದು. ಆ ಬೀಗದ ಕೈಯನ್ನು ಭಕ್ತನು ತಾನೇ ಎತ್ತಿಕೊಂಡು, ನ್ಯಾಯವಾದ ಕಾರಣಕ್ಕಾಗಿ ಕೇಳಿದವರ ಎದುರಿನಲ್ಲಿ 'ಏನೂ ಆಗಿಲ್ಲ' ಎಂದು ಹೇಳುವುದಕ್ಕೆ ಅದರಲ್ಲಿ ಅನುಮತಿಯಿಲ್ಲ. ಮರೆಯುವ ಔದಾರ್ಯವು ಗಣಕ್ಕೆ ಸೇರಿದ್ದು. ಗಣಕ್ಕೆ ತಿಳಿಯದಂತೆ ಮಾಡಿದರೆ ಅದು ಮರೆಯುವುದಾದರೂ ಏನನ್ನು? ನಾನು ಶಾಸ್ತ್ರದ ಮಾತನ್ನೇ ಹೇಳಿದೆನು, ಆದರೆ ತಲೆಕೆಳಗಾಗಿ ಹೇಳಿದೆನು.

ಬಸವಣ್ಣನವರು ಏಳು ನಿಷೇಧಗಳನ್ನು ಒಂದೇ ಸರದಲ್ಲಿ ಪೋಣಿಸಿ, ಅಂತರಂಗ ಬಹಿರಂಗಗಳ ಶುದ್ಧಿ ಅಷ್ಟರಲ್ಲಿಯೇ ಇದೆಯೆಂದು ಹೇಳಿದ ವಚನವು ಮನೆಮನೆಯ ಮಕ್ಕಳ ಬಾಯಲ್ಲಿದೆ. ಬಾಯಲ್ಲಿರುವುದರಿಂದಲೇ ನಾವು ಅದನ್ನು ವಿಚಾರಿಸುವುದಿಲ್ಲವೋ ಏನೋ. ಅಲ್ಲಿ ಕಳವೂ ಹುಸಿಯೂ ಬೇರೆಬೇರೆಯಾಗಿ ಎಣಿಸಲ್ಪಟ್ಟಿವೆ. ಒಮ್ಮೆ ತಪ್ಪಿ ಅದನ್ನು ಬಿಟ್ಟವನು ಮೊದಲಿನದರಿಂದ ಪಾರಾದನು. ಅದನ್ನು ಮುಚ್ಚಲು ಹುಸಿಯಾಡಿದರೆ, ಇಪ್ಪತ್ತು ವರುಷಗಳ ಹಿಂದಿನ ದೋಷವನ್ನು ತೊಳೆಯಲು ಹೋಗಿ ಇಂದಿನ ತಾರೀಖಿನ ಹೊಸ ದೋಷವೊಂದನ್ನು ಸಂಪಾದಿಸಿದಂತಾಯಿತು. ಅದೂ ಸೇವೆಯ ಬಾಗಿಲಿನಲ್ಲಿ, ಸೇವೆಯ ಹೆಸರಿನಲ್ಲಿ. ಜೂಜಾಡಿದವನು ಇಪ್ಪತ್ತನಾಲ್ಕರ ತರುಣ. ಸುಳ್ಳು ಬರೆಯುವವನು ಮಾತ್ರ ಕೊರಳಲ್ಲಿ ಲಿಂಗ ಧರಿಸಿದ, ಎರಡು ಮಕ್ಕಳ ತಂದೆ.

ಸ್ಮೃತಿಕಾರರು ಪಾಪವಿಮೋಚನೆಗೆ ಹೇಳಿದ ಸಾಧನಗಳಲ್ಲಿ ಖ್ಯಾಪನ, ಅನುತಾಪಗಳೆಂಬ ಎರಡನ್ನು ಮೊದಲಿಗೆ ಎಣಿಸಿದ್ದಾರೆ. ಖ್ಯಾಪನವೆಂದರೆ ಮಾಡಿದುದನ್ನು ಬಾಯಿಬಿಟ್ಟು ಹೇಳುವುದು. ನಮಗೆ ವಚನವೇ ಪ್ರಮಾಣವಾದುದರಿಂದ ಸ್ಮೃತಿಯ ಆಸರೆ ಅಗತ್ಯವಲ್ಲ. ಆದರೂ ಒಳ್ಳೆಯ ಶಬ್ದವು ಯಾವ ಅಂಗಡಿಯಲ್ಲಿ ಸಿಕ್ಕರೂ ಕೊಳ್ಳುವುದಕ್ಕೆ ಅಡ್ಡಿಯೇನು?

ಮರುದಿನ ಪಾಠಶಾಲೆಗೆ ರಜೆ ಹೇಳಿ, ಬೈಲಹೊಂಗಲದಿಂದ ಮುಂಜಾನೆಯ ಬಸ್ಸು ಹಿಡಿದು ಅವನ ಊರಿಗೆ ಹೋದೆನು. ಗಿರಣಿಯಲ್ಲಿ ಜೋಳ ಬೀಸುತ್ತಿದ್ದಿತು. ನನ್ನನ್ನು ಕಂಡವನೇ ಪಟ್ಟೆಯನ್ನು ಇಳಿಸಿ, ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡು ಹೊರಗೆ ಬಂದನು.

'ಅರ್ಜಿ ಕೊಟ್ಟೆಯೇನಪ್ಪಾ?'

'ಇಲ್ರಿ ಗುರುಗಳ. ನೀವು ಹೇಳಿದಂಗ ಬರಿಯಾಕ ಪೆನ್ನು ಹಿಡದೆ, ಕೈ ಏಳಲಿಲ್ರಿ.'

ಕೈ ಏಳಲಿಲ್ಲವೆಂಬ ಆ ಮಾತನ್ನು ಹಿಂದಿನ ರಾತ್ರಿಯಷ್ಟೇ ಪೆದ್ದಿಗಳ ಕಥೆಯಲ್ಲಿ ನಾನು ಓದಿದ್ದೆನು! ನಾನು ಹೇಳಿದುದು ತಪ್ಪು, ಮನ್ನಿಸು ಎಂದೆನು. ಅವನು ಗಾಬರಿಯಾಗಿ, 'ನೀವು ಹಂಗ ಅನಬ್ಯಾಡ್ರಿ' ಎಂದು ನನ್ನ ಕೈ ಹಿಡಿದುಕೊಂಡನು. ವಿಚಾರಿಸಲಾಗಿ, ಅವನ ಅಂಜಿಕೆ ಸಮಿತಿಯದಲ್ಲ; ಆ ಕಾಗದದ ಸುದ್ದಿ ಹೊರಬಿದ್ದು ಹೆಂಡತಿಯ ಕಿವಿಗೆ ಬೇರೆಯವರ ಬಾಯಿಂದ ಬಿದ್ದರೆ ಗತಿಯೇನೆಂಬುದು. ಹಾಗಾದರೆ ಮೊದಲು ಮನೆಯಲ್ಲಿ ಹೇಳು, ಆ ಮೇಲೆ ಮಠದಲ್ಲಿ ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು.

ಆ ಬಳಿಕ ನಾವಿಬ್ಬರೂ ಕೂಡಿ ಉತ್ತರವನ್ನು ಬರೆದೆವು. ಇದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅನೇಕರಿಗೆ ಇಂಥ ಕಾಗದ ಎದುರಾಗುವುದುಂಟು. ಗೃಹರಕ್ಷಕ ದಳವನ್ನು ಸೇರಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳಲ್ಲಿ ಬಂದೋಬಸ್ತಿಗೆ ನಿಲ್ಲಬೇಕೆನ್ನುವ ತರುಣರ ನಡತೆಯನ್ನೂ ಪೊಲೀಸರು ವಿಚಾರಿಸುವರು.

ದಂಡ ಕಟ್ಟಿದೆನು, ಸೆರೆಮನೆಗೆ ಹೋಗಲಿಲ್ಲ, ಆದುದರಿಂದ ನನಗೆ ಶಿಕ್ಷೆಯಾಗಿಲ್ಲ ಎಂದು ಬಹುಜನರು ತಿಳಿದಿದ್ದಾರೆ. ನ್ಯಾಯಾಧೀಶರ ಎದುರು ತಪ್ಪೊಪ್ಪಿಕೊಂಡು ತೆತ್ತ ದಂಡವೂ ಶಿಕ್ಷೆಯೇ. ಪ್ರಕರಣ ದಾಖಲಾಗಿ ಮುಂದೆ ಖುಲಾಸೆಯಾದವನಿಗೆ ಶಿಕ್ಷೆಯಾಗಿಲ್ಲ. ಆದರೆ ಕೆಲವು ನಮೂನೆಗಳಲ್ಲಿ ಶಿಕ್ಷೆಯನ್ನಷ್ಟೇ ಕೇಳದೆ ಪ್ರಕರಣ ದಾಖಲಾಗಿದೆಯೇ ಎಂದೂ ಕೇಳಿರುವರು. ಏನನ್ನು ಕೇಳಿದೆಯೆಂಬುದನ್ನು ಎರಡು ಬಾರಿ ಓದಬೇಕು, ಕೇಳಿದುದಕ್ಕೆ ಉತ್ತರಿಸಬೇಕು. ಹದಿನೆಂಟು ತುಂಬುವ ಮೊದಲು ಮಾಡಿದ ತಪ್ಪು ಸಾಮಾನ್ಯವಾಗಿ ಮುಂದಿನ ಬಾಳಿಗೆ ಅನರ್ಹತೆಯಾಗಕೂಡದೆಂದು ೨೦೧೫ರ ಬಾಲನ್ಯಾಯ ಕಾಯಿದೆಯೂ, ಪರಿವೀಕ್ಷಣೆಯ ಮೇಲೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದುಂಟಾಗುವ ಅನರ್ಹತೆ ತಟ್ಟದೆಂದು ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯೂ ಹೇಳುತ್ತವೆ. ಅಂಥವರು ಬಲ್ಲ ವಕೀಲರೊಬ್ಬರನ್ನು ಕೇಳಿ ಬರೆಯುವುದು ಲೇಸು. ಉದ್ಯೋಗದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೬ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪೂ ಸ್ಮರಣೀಯ. ಕೊಡುವ ಮಾಹಿತಿಯು ಸತ್ಯವಾಗಿರಬೇಕು, ಮುಚ್ಚಿಡಬಾರದು. ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಉದ್ಯೋಗ ಕೊಡುವವರು ಮನ್ನಿಸಬಹುದು. ನಿಜ ಹೇಳಿದ ಮಾತ್ರಕ್ಕೆ ಕೊಡಲೇಬೇಕೆಂಬ ನಿರ್ಬಂಧವೂ ಇಲ್ಲ. ಈ ಕೊನೆಯ ಮಾತನ್ನು ಗಿರಣಿಯವನಿಗೆ ಒತ್ತಿ ಹೇಳಿದೆನು. ನಿಜ ಹೇಳಿದೆನಾದುದರಿಂದ ನನ್ನನ್ನು ತೆಗೆದುಕೊಳ್ಳಲೇಬೇಕೆಂದು ಕೂತರೆ ಅದು ಭೃತ್ಯಾಚಾರವಾಗದು, ವ್ಯಾಪಾರವಾದೀತು.

ಮೊದಲು ಅವನು ಬರೆದುದು ಒಂದು ಪುಟವಾಗಿದ್ದಿತು. ಗೆಳೆಯರು ಎಳೆದುಕೊಂಡು ಹೋದರು, ಹಬ್ಬದ ದಿನ ಎಲ್ಲರೂ ಆಡುತ್ತಾರೆ ಎಂದು ಅರ್ಧ ಪುಟ. ನಾನು ಮಹಾಪಾಪಿ, ನನ್ನಂಥ ನೀಚನಿಲ್ಲ ಎಂದು ಇನ್ನರ್ಧ. ಎರಡನ್ನೂ ತೆಗೆಸಿದೆನು. ತನ್ನನ್ನು ಬಣ್ಣಿಸಿಕೊಳ್ಳುವುದೂ ಆ ಏಳು ನಿಷೇಧಗಳಲ್ಲಿ ಒಂದಲ್ಲವೇ? ಅತಿಯಾಗಿ ಹಳಿದುಕೊಳ್ಳುವುದೂ ಬಣ್ಣನೆಯ ಇನ್ನೊಂದು ಬಗೆ. ಜಾತ್ರೆಯಲ್ಲಿ ಬೆನ್ನಿಗೆ ಬಾರುಕೋಲಿನಿಂದ ಹೊಡೆದುಕೊಳ್ಳುವವನ ಕಣ್ಣು ಕಾಸು ಹಾಕುವವರ ಕೈಯ ಮೇಲೆಯೇ ಇರುವುದನ್ನು ನಾವು ನೋಡಿಲ್ಲವೇ? ಕಡೆಗೆ ಉಳಿದುದು ಎರಡೇ ವಾಕ್ಯ: '೨೦೦೩ರಲ್ಲಿ ಸಾರ್ವಜನಿಕ ಸ್ಥಳದಲ್ಲಿ ಇಸ್ಪೀಟು ಜೂಜಾಡಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ದಂಡ ತೆತ್ತಿದ್ದೇನೆ. ಅದರ ಮೊದಲೂ ತರುವಾಯವೂ ಬೇರೆ ಪ್ರಕರಣವಿಲ್ಲ.'

ಕಾಗದವನ್ನು ನನ್ನ ಕೈಗೆ ಕೊಡುವಾಗ ಅವನು, 'ಗುರುಗಳ, ನಮ್ಮ ಭಾಗದಾಗ ಜೇಲಿಗೆ ಹೋದವರ ಹೆಸರ ಕಲ್ಲಿನ ಮ್ಯಾಲ ಕೆತ್ಯಾರ್ರಿ. ನನ್ನ ಹೆಸರ ನೋಡ್ರಿ ಎಲ್ಲಿ ಬಂತು,' ಎಂದು ನಕ್ಕನು. ನಗೆಯ ಮಾತಾದರೂ ಅದರಲ್ಲಿ ಸತ್ಯವಿದೆ. ೧೮೨೪ರಲ್ಲಿ ಕಿತ್ತೂರಿನಲ್ಲಿ ಕಾದಿದ ಚೆನ್ನಮ್ಮ ತಾಯಿಯು ಬೈಲಹೊಂಗಲದ ಕೋಟೆಯ ಸೆರೆಯಲ್ಲಿಯೇ ೧೮೨೯ರಲ್ಲಿ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಕುಂಪಣಿಯವರ ದಫ್ತರದಲ್ಲಿ ಅವನೂ ಅಪರಾಧಿಯೇ. ೧೯೩೯ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದಲ್ಲಿ ಎದ್ದ ದಂಗೆಯ ತರುವಾಯ ಸೆರೆಗೆ ಹೋದವರುಂಟು, ಗಲ್ಲಿಗೇರಿದವರೂ ಉಂಟು. ಸ್ವಾತಂತ್ರ್ಯಯೋಧರಿಗೆ ನಿವೃತ್ತಿವೇತನ ಕೊಡುವ ಯೋಜನೆ ೧೯೭೨ರಲ್ಲಿ ಬಂದಾಗ, ತಾವು ಸೆರೆಮನೆಯಲ್ಲಿದ್ದುದಕ್ಕೆ ಸರ್ಟಿಫಿಕೇಟು ಬೇಕೆಂದು ವೃದ್ಧರು ಕಚೇರಿಯಿಂದ ಕಚೇರಿಗೆ ಅಲೆದರು. ದಫ್ತರವು ಒಂದೇ, ಒಬ್ಬನು ಅದರಲ್ಲಿ ತನ್ನ ಹೆಸರನ್ನು ಹುಡುಕುವನು, ಇನ್ನೊಬ್ಬನು ಅಳಿಸಬಯಸುವನು. ಅಂದರ್-ಬಾಹರ್ ಆಡಿ ಸಿಕ್ಕವನು ರಾಯಣ್ಣನ ಸಾಲಿನಲ್ಲಿ ನಿಲ್ಲಲಾರನು, ನಿಜ. ಆದರೆ ದಫ್ತರದಲ್ಲಿ ಹೆಸರಿದೆಯೆಂಬಷ್ಟರಿಂದಲೇ ಮನುಷ್ಯನ ತೂಕ ತಿಳಿಯದೆಂಬುದನ್ನು ಈ ನಾಲ್ಕು ತಾಲೂಕುಗಳ ಜನರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಇನ್ನು ಕೇಳುವವರ ವಿಷಯ. ಸಮಿತಿಯ ಸಭೆ ಕೂಡಿದಾಗ ಹಿರಿಯ ವರ್ತಕರೊಬ್ಬರು ಕಾಗದವನ್ನು ಓದಿ, 'ಜೂಜುಕೋರನ ಕೈಯಾಗ ಹುಡುಗರ್ನ ಕೊಡತೀರೇನ್ರಿ?' ಎಂದು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಇನ್ನೊಬ್ಬರು, 'ಅವ ಬರೀದಿದ್ರ ಯಾರಿಗೆ ಗೊತ್ತಾಗತಿತ್ರಿ?' ಎಂದರು. ವರ್ತಕರ ಮಾತನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಬಿಜ್ಜಳನ ಭಂಡಾರದ ಹಣವು ಜಂಗಮದಾಸೋಹಕ್ಕೆ ಸೋರಿಹೋಗುತ್ತಿದೆಯೆಂದು ಚಾಡಿ ಹುಟ್ಟಿದಾಗ ಬಸವಣ್ಣನವರೇ ಭಂಡಾರವನ್ನು ತೆರೆದು ಲೆಕ್ಕ ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ಅಣ್ಣನವರಿಗೇ ಲೆಕ್ಕ ಕೇಳಿದ ಮೇಲೆ ನಮ್ಮನ್ನು ಕೇಳುವುದು ಅಪಮಾನವೆಂದು ಯಾವ ಸೇವಾರ್ಥಿಯೂ ಮುನಿಯಬಾರದು. ಪರವೂರಿನ ತಂದೆತಾಯಿಗಳು ತಮ್ಮ ಮಕ್ಕಳನ್ನು ನಮ್ಮನ್ನು ನಂಬಿ ಬಿಟ್ಟು ಹೋಗಿದ್ದಾರೆ. ಕೆಲವು ದೋಷಗಳುಂಟು, ಮಕ್ಕಳ ಮೇಲೆ ಕೈಮಾಡಿದವನು ಅದೆಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡರೂ ಅವನಿಗೆ ಪ್ರಸಾದನಿಲಯದ ಬಾಗಿಲು ತೆರೆಯತಕ್ಕದ್ದಲ್ಲ. ಅವನ ಪಶ್ಚಾತ್ತಾಪ ಸತ್ಯವೇ ಆಗಿದ್ದರೆ ಮಠದ ಹೊಲವಿದೆ, ಹೊಲದಲ್ಲಿ ಕಳೆಯಿದೆ.

ಆದರೆ ಬಯಲಿನಲ್ಲಿ ಒಂದು ಹಬ್ಬದ ದಿನ ಎಲೆ ಹಾಕಿದವನನ್ನು ಅದೇ ಸಾಲಿಗೆ ತಳ್ಳುವುದು ವಿವೇಕವಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಸಂಗತಿಯಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ಶಿಕ್ಷೆಗೊಳಗಾದವನು ಆ ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ವಿಧಿಸುವ ಶಿಕ್ಷೆ ಸಮುದಾಯ ಸೇವೆ. ಕದ್ದವನಿಂದ ಸೇವೆ ಮಾಡಿಸುವ ಮಾರ್ಗವನ್ನು ದಿಲ್ಲಿಯವರು ಈಗ ಕಂಡುಕೊಂಡಿದ್ದಾರೆ. ಉರಿಲಿಂಗದೇವರ ಮಠದಲ್ಲಿ ಕಟ್ಟಿಗೆಯ ಹೊರೆ ಬಿದ್ದುದು ಎಂಟು ಶತಮಾನಗಳಿಗೂ ಹಿಂದೆ. ಅದೂ ಯಾರೂ ವಿಧಿಸದೆ. ಹೀಗಿರುವಲ್ಲಿ ತಾನಾಗಿ ಸೇವೆಗೆ ಬಂದವನನ್ನು ನಾವು ಹೊರಗೆ ನಿಲ್ಲಿಸುವುದೇ?

ಬರೆಯದಿದ್ದರೆ ಯಾರಿಗೆ ತಿಳಿಯುತ್ತಿದ್ದಿತು ಎಂಬ ಇನ್ನೊಬ್ಬರ ಮಾತಿಗೆ ನಾನು ಎದ್ದು ಉತ್ತರ ಕೊಡಬೇಕಾಯಿತು. 'ಇಲ್ಲ ಎಂದು ಬರೆಯೆಂದು ಅವನಿಗೆ ಹೇಳಿದವನು ನಾನೇ. ಅವನು ಕೇಳಲಿಲ್ಲ' ಎಂದೆನು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನನ್ನ ವಿದ್ಯಾರ್ಥಿಯಾಗಿದ್ದ ತರುಣ ವಕೀಲನೊಬ್ಬನು ಅಲ್ಲಿದ್ದನು. ಅವನ ಮುಖವನ್ನು ನೋಡಲು ನನಗೆ ಸಂಕೋಚವಾಯಿತು. ಪೂಜ್ಯರು ಮಾತ್ರ, 'ಮಾಸ್ತರ ಅರ್ಜಿಯೊಳಗ ಈ ಕಾಲಮ್ಮು ಇದ್ದಿಲ್ಲ ಅಂತ ಕಾಣತದ' ಎಂದು ನಕ್ಕರು. ಎಲ್ಲರೂ ನಕ್ಕರ ಮೇಲೆ ವಿಚಾರವು ಮುಂದುವರಿಯಿತು.

ತೀರ್ಮಾನವಾದುದು ಇಷ್ಟು. ಊಟ ಬಡಿಸುವ, ಓದಿಸುವ ಸೇವೆಗೆ ಅವನನ್ನು ತೆಗೆದುಕೊಳ್ಳತಕ್ಕದ್ದು. ರಾತ್ರಿಯ ಸರದಿಯಲ್ಲಿ ಎಲ್ಲರಂತೆ ಇನ್ನೊಬ್ಬರು ಜೊತೆಗಿರತಕ್ಕದ್ದು. ಒಂದು ವರುಷ ಉಗ್ರಾಣದ ಕೀಲಿಯನ್ನೂ ಕಾಣಿಕೆಯ ಹಣವನ್ನೂ ಅವನ ಕೈಗೆ ಕೊಡಬಾರದು. ಕಡೆಯದು ವರ್ತಕರ ಹಟ. ನನಗೆ ಅದು ಅನಗತ್ಯವೆಂದು ತೋರಿತು, ಈಗಲೂ ತೋರುತ್ತದೆ. ಗಿರಣಿಯವನಿಗೆ ಮಾತ್ರ ಏನೂ ಅನಿಸಲಿಲ್ಲವಂತೆ. ಇದಕ್ಕಿಂತ ಮುಖ್ಯವಾದುದು ಪೂಜ್ಯರು ತಾವಾಗಿ ಸೇರಿಸಿದ ಇನ್ನೊಂದು ಮಾತು. ಆ ಕಾಗದವು ತಮ್ಮ ಪೆಟ್ಟಿಗೆಯಲ್ಲಿರುವುದು. ಈ ಸಭೆಯಿಂದ ಎದ್ದುಹೋದ ಮೇಲೆ ಯಾರಾದರೂ ಆ ಸಂಗತಿಯನ್ನು ಕಟ್ಟೆಯ ಮೇಲೆ ಆಡಿದರೆ, ಸಿಟ್ಟಿನಲ್ಲಿ ಅವನ ಮುಖಕ್ಕೆ ಹಿಡಿದರೆ, ಅಂಥವರು ಸಮಿತಿಯಲ್ಲಿರತಕ್ಕದ್ದಲ್ಲ. ಶರಣನಿಂದೆಯನ್ನು ಕೇಳಿ ಸುಮ್ಮನಿರದಿರುವುದೇ ಗಣಾಚಾರವೆಂದು ನಾವು ಬಾಯಿಪಾಠ ಮಾಡಿದ್ದೇವೆ. ಹೊರಗಿನವರು ನಿಂದಿಸಿದಾಗ ಎದ್ದು ನಿಲ್ಲುವುದು ಸುಲಭ. ನಮ್ಮ ಪಕ್ಕದಲ್ಲಿಯೇ ಕುಳಿತವನು ಪಿಸುಗುಟ್ಟಿದಾಗ ಬೇಡವೆನ್ನುವುದು ಕಷ್ಟ. ಪರರನ್ನು ಕಂಡು ಹೇಸಬಾರದು, ಎದುರಿನವರನ್ನು ದೂಷಿಸಬಾರದು ಎಂಬ ಅಣ್ಣನವರ ಅಪ್ಪಣೆಗಳು ಕಾಗದ ತುಂಬುವವನಿಗಲ್ಲ, ಅದನ್ನು ಓದುವವರಿಗೆ. ನಾವು ಅವನ್ನು ಪಾಲಿಸದೆ ಹೋದರೆ ಮುಂದಿನ ಸೇವಾರ್ಥಿಯು ಇಲ್ಲವೆಂದೇ ಬರೆಯುವನು. ಆ ಹುಸಿಯ ಅರ್ಧ ಪಾಲು ನಮ್ಮದಾಗುವುದು.

ಮನೆಯಲ್ಲಿ ಏನಾಯಿತೆಂದು ಕೆಲವರು ಕೇಳಬಹುದು. ಹೆಂಡತಿಗೆ ಹೇಳಿದ ಮೇಲೆ ಆ ತಾಯಿಯು ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಒಂದು ಪ್ರಶ್ನೆ ಕೇಳಿದಳು: 'ಆಟಕ್ಕ ಹಚ್ಚಿದ್ದ ರೊಕ್ಕ ಎಲ್ಲೀದ್ರಿ?' ನ್ಯಾಯಾಧೀಶರೂ ಕೇಳಿರಲಿಲ್ಲ, ನಮ್ಮ ನಮೂನೆಯಲ್ಲಿಯೂ ಇರಲಿಲ್ಲ, ನನಗೂ ಹೊಳೆದಿರಲಿಲ್ಲ. ಹಿಂಗಾರಿಯ ಕಡಲೆ ಬೀಜಕ್ಕೆಂದು ಅವನ ತಾಯಿಯು ಕೂಡಿಟ್ಟಿದ್ದ ಹಣವದು. ಕಿಸೆಗಳ್ಳರು ಕದ್ದರೆಂದು ಅಂದು ಹೇಳಿದ್ದನು. ಆ ವರುಷ ಅರ್ಧ ಹೊಲ ಬೀಳು ಬಿದ್ದಿತು. 'ಹಂಗಾರ ನೀವು ಮೊದಲ ಹೇಳಬೇಕಾದದ್ದು ನನಗೂ ಅಲ್ಲ, ಮಠಕ್ಕೂ ಅಲ್ಲ. ಅತ್ತೀಗೆ,' ಎಂದಳು.

ಆ ಮುದುಕಿಗೆ ಈಗ ಎಂಬತ್ತು ಸಮೀಪಿಸಿದೆ. ಕಣ್ಣು ಮಂದ, ಕಿವಿ ಚುರುಕು. ಅವನು ಹೋಗಿ ಹೇಳಿದನಂತೆ. ಅವಳು ಏನೆಂದಳೆಂಬುದನ್ನು ಅವನು ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಸೋಮವಾರ ಅವನು ಮೊದಲ ದಿನದ ಸೇವೆಗೆ ಬರುವಾಗ ತನ್ನ ಗಿರಣಿಯಲ್ಲಿಯೇ ಬೀಸಿದ ಒಂದು ಚೀಲ ಜೋಳದ ಹಿಟ್ಟನ್ನು ಹೆಗಲ ಮೇಲೆ ಹೊತ್ತು ತಂದನು. ಉಗ್ರಾಣದ ಬಾಗಿಲಲ್ಲಿ ಆ ವರ್ತಕರೇ ಕುಳಿತಿದ್ದರು. ಅವರು ಚೀಲವನ್ನು ತಕ್ಕಡಿಗೆ ಹಾಕಿಸಿ, ತೂಕವನ್ನು ವಹಿಯಲ್ಲಿ ಬರೆದು, ಅವನ ರುಜು ಪಡೆದು, 'ಒಳಗ ಹುಡುಗರು ಎಲಿ ಹಾಕ್ಯಾವು, ಲಗೂನ ಹೋಗಪ್ಪಾ' ಎಂದರು.